ಪೂರ್ತಿ ಅಂದರೆ ಎಷ್ಟು

ಕಂಡಕ್ಟರು ನಿವೃತ್ತರಾದರೂ ಅವರ ಅನುಮಾನಕ್ಕೆ ನಿವೃತ್ತಿ ಇರಲಿಲ್ಲ. ಚೀಲ, ಸೀಟಿ, ಟಿಕೆಟ್ ಪೆಟ್ಟಿಗೆ ಎಲ್ಲವನ್ನೂ ಡಿಪೋಗೆ ಒಪ್ಪಿಸಿ ಬಂದ ಮನುಷ್ಯ ಅದೊಂದನ್ನು ಮಾತ್ರ ಜೋಪಾನವಾಗಿ ಮನೆಗೆ ತಂದುಕೊಂಡಿದ್ದರು. ಯಾರು ನೋಟು ಕೊಟ್ಟರೂ ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡದೆ ಜೇಬಿಗೆ ಇಳಿಸುತ್ತಿರಲಿಲ್ಲ. ಕೊಟ್ಟವರು ಕಟ್ಟಿಕೊಂಡ ಹೆಂಡತಿಯೇ ಆಗಿದ್ದರೂ ಅಷ್ಟೇ. ಹಾಲಿನವನ ಅಳತೆ, ಡಾಕ್ಟರ ಜ್ವರದ ಕಡ್ಡಿ, ಎದುರುಮನೆಯ ಗೋಡೆ ಗಡಿಯಾರ, ಯಾವುದನ್ನೂ ಬಾಯಿಮಾತಿಗೆ ನಂಬಿದವರಲ್ಲ. "ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದು ಬೆಳಿಗ್ಗೆ ಎದ್ದು ಹೇಳುತ್ತಿದ್ದರು, ಮಲಗುವಾಗಲೂ ಅದನ್ನೇ ಹೇಳುತ್ತಿದ್ದರು.

ಇಂಥವರಿಗೆ ಅಳಿಯ ಪುಕ್ಕಟೆಯಾಗಿ ಒಂದು ಹೊಸ ಫೋನು ತಂದುಕೊಟ್ಟ. ಅಲ್ಲಿಂದ ಶುರುವಾಯಿತು ನೋಡಿ.

ಅಳಿಯನದು ಪೇಟೆಬೀದಿಯಲ್ಲಿ ಫೋನಿನ ಅಂಗಡಿ. ಮಗಳು ತಾನೇ ನೋಡಿ, ತಾನೇ ಒಪ್ಪಿ ಮದುವೆಯಾದ ಹುಡುಗ. ಆಗ ಕಂಡಕ್ಟರು ಬೇಡ ಅಂದಿರಲಿಲ್ಲ, ಬಾಯಿತುಂಬ ಹೂಂ ಅಂತಲೂ ಅಂದಿರಲಿಲ್ಲ. ಮದುವೆಯಾಗಿ ಐದು ವರ್ಷವಾದರೂ ಆ ಹುಡುಗನನ್ನು ನೋಟಿನ ಹಾಗೆ ಬೆಳಕಿಗೆ ಹಿಡಿದೇ ಇದ್ದರು, ಜೇಬಿಗೆ ಇಳಿಸಿರಲಿಲ್ಲ. ಬೀದಿಯವರ ಮುಂದೆ "ಅಳಿಯ ಅಂದ್ರೆ ನಮಗೆ ಮಗ ಇದ್ದ ಹಾಗೆ" ಎಂದು ಹೇಳಿಕೊಂಡು ಓಡಾಡುವುದೇನೋ ಓಡಾಡುತ್ತಿದ್ದರು. ಹುಡುಗ ಎದುರು ಬಂದರೆ ಮಾತ್ರ "ಬನ್ನಿ, ಕೂತ್ಕೊಳ್ಳಿ" ಆದಮೇಲೆ ಮುಂದಿನ ಮಾತು ಹೊರಡುತ್ತಿರಲಿಲ್ಲ.

ಮಗಳ ಸಂಸಾರ ಇದ್ದ ಬಾಡಿಗೆ ಮನೆಯನ್ನು ಅದರ ಮಾಲೀಕ ತನ್ನ ತಮ್ಮನಿಗೆಂದು ಬಿಡಿಸಿಕೊಳ್ಳುತ್ತಿದ್ದ. ಸುದ್ದಿ ಕಿವಿಗೆ ಬಿದ್ದ ಕೂಡಲೇ ಕಂಡಕ್ಟರು, "ಬೇರೆ ಮನೆ ಯಾಕೆ ಹುಡುಕ್ತೀರಿ? ನಮ್ಮ ಮಹಡಿ ಇಲ್ವಾ? ಮಹಡಿ ಪೂರ್ತಿ ನಿಮ್ಮದೇ" ಎಂದುಬಿಟ್ಟಿದ್ದರು. ಮಗಳೆಂದರೆ ಅವರಿಗೆ ಪ್ರಾಣ. ಅವಳು ಮತ್ತೆ ಅದೇ ಮೆಟ್ಟಿಲು ಹತ್ತಿ ಇಳಿಯುತ್ತಾಳೆ, ಪುಟ್ಟ ಮೊಮ್ಮಗಳು ತಲೆಯ ಮೇಲೆ ದಡದಡ ಓಡುತ್ತಾಳೆ ಎಂಬ ಆಸೆಗೆ ಈಚೆಗೆ ಅವರಿಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು. ಬರುವ ತಿಂಗಳು ಸಾಮಾನು ಸಾಗಿಸುವುದೆಂದು ಮಾತಾಗಿತ್ತು. ಆ ಸಂತೋಷಕ್ಕೇ ಅಳಿಯ ಫೋನು ತಂದುಕೊಟ್ಟದ್ದು.

ಮಾರನೆಯ ದಿನ ಕಂಡಕ್ಟರು ಕಿಟಕಿಯ ಪಕ್ಕದ ತಮ್ಮ ಕುರ್ಚಿಯಲ್ಲಿ ಕೂತು, ಡಬ್ಬಿಯನ್ನು ಒಂದು ತೊಡೆಯ ಮೇಲೂ ಫೋನನ್ನು ಇನ್ನೊಂದರ ಮೇಲೂ ಇಟ್ಟುಕೊಂಡು ತಾಳೆ ನೋಡಿದರು. ಡಬ್ಬಿಯ ಮೇಲೆ ನೂರಾ ಇಪ್ಪತ್ತೆಂಟು ಜಿಬಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಫೋನಿನೊಳಗೆ ಹೋಗಿ ನೋಡಿದರೆ ಬಳಕೆಗೆ ಲಭ್ಯ ನೂರಾ ನಾಲ್ಕು. ಇನ್ನೂ ಒಂದು ಫೋಟೋ ತೆಗೆದಿಲ್ಲ, ಒಂದು ಹಾಡು ಹಾಕಿಲ್ಲ. ಹಾಗಾದರೆ ಇಪ್ಪತ್ತನಾಲ್ಕು ಯಾರ ಹೊಟ್ಟೆಗೆ ಹೋಯಿತು?

ಬೆರಳಿನಿಂದ ಇನ್ನಷ್ಟು ಕೆಳಕ್ಕೆ ಜಾರಿಸಿದರು. ಕಣ್ಣಿಗೆ ಕಾಣಲೆಂದು ಅವರು ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಿಸಿಕೊಂಡಿದ್ದರೆಂದರೆ ಒಂದು ಸಾಲಿಗೆ ಒಂದೇ ಪದ ಹಿಡಿಸುತ್ತಿತ್ತು, ಮಿಕ್ಕದ್ದೆಲ್ಲ ಮೂರು ಚುಕ್ಕಿಗಳಲ್ಲಿ ಮುಳುಗಿ ಹೋಗುತ್ತಿತ್ತು. ಅಲ್ಲಿ ಒಂದೇ ಒಂದು ಪದ ನಿಂತಿತ್ತು: 'ಕಾಯ್ದಿರಿಸಲಾಗಿದೆ'.

ಆ ಪದವನ್ನು ಕಂಡಕ್ಟರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಜೀವಮಾನವೆಲ್ಲ ಅದನ್ನು ಬಸ್ಸಿನ ಸೀಟುಗಳ ನೆತ್ತಿಯ ಮೇಲೆ ಓದಿದವರು. ಅದನ್ನು ತೋರಿಸಿ ಗಟ್ಟಿಮುಟ್ಟಾದ ಗಂಡಸರನ್ನು ಎಬ್ಬಿಸಿದವರು. ಮಹಿಳೆಯರಿಗೆ, ಹಿರಿಯರಿಗೆ, ಅಂಗವಿಕಲರಿಗೆ ಎಂದು ಪ್ರತಿ ಸೀಟಿಗೂ ಒಂದು ಹೆಸರು ಇದ್ದೇ ಇರುತ್ತಿತ್ತು. ಯಾರಿಗೆ ಎಂದು ಬರೆಯದೆ ಕಾಯ್ದಿರಿಸಿದ ಜಾಗವನ್ನು ಅವರು ಕಂಡದ್ದು ಇದೇ ಮೊದಲು.

"ಲೇ, ಇದರೊಳಗೆ ಯಾರಿಗೋ ಜಾಗ ಹಿಡಿದಿಟ್ಟಿದಾರೆ" ಎಂದರು, ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿಗೆ.

"ಯಾರಿಗೆ?"

"ಅದೇ ಗೊತ್ತಾಗ್ಬೇಕು."

"ದಾನಕ್ಕೆ ಬಂದ ಎಮ್ಮೆ ಹಲ್ಲು ಹಿಡಿದು ನೋಡಿದ್ರಂತೆ. ಸುಮ್ನೆ ಇಡ್ರಿ ಅದನ್ನ."

"ದಾನಕ್ಕೆ ಬರೋ ಎಮ್ಮೆಗೇ ಕಣೆ ಹಲ್ಲು ಉದುರಿರೋದು."

ಹೆಂಡತಿ ಮಾತು ಬೆಳೆಸಲಿಲ್ಲ. ಬೆಳೆಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಕಂಡಕ್ಟರು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದ ಮನೆಯ ಚೆಕಿಂಗ್ ಹತ್ತಿರ ಹೋದರು. ಚೆಕಿಂಗ್ ಎಂದರೆ ಟಿಕೆಟ್ ತಪಾಸಣೆ ಮಾಡುತ್ತಿದ್ದ ಆಸಾಮಿ, ಅವರಿಗೂ ನಿವೃತ್ತಿಯಾಗಿತ್ತು. ಕೆಲಸದಲ್ಲಿ ಇದ್ದಾಗ ಇಬ್ಬರೂ ಹಾವು ಮುಂಗುಸಿ, ಈಗ ಗಳಸ್ಯ ಕಂಠಸ್ಯ. ಸಂಶಯಪಡಲು ಒಬ್ಬರಿಗೊಬ್ಬರು ಸಿಗದೆ ಹೋದದ್ದರಿಂದ ಇಬ್ಬರೂ ಸೇರಿ ಲೋಕವನ್ನು ಸಂಶಯಪಡುತ್ತಿದ್ದರು.

ಚೆಕಿಂಗ್ ಫೋನನ್ನು ಮುಟ್ಟಲಿಲ್ಲ, ದೂರದಿಂದಲೇ ನೋಡಿದರು. "ಭರ್ತಿ ಬಸ್ಸನ್ನ ಖಾಲಿ ಅಂತ ತೋರಿಸಿದವರನ್ನ ನಾನು ಬೇಕಾದಷ್ಟು ಹಿಡಿದಿದೀನಿ. ಇದು ಖಾಲಿ ಬಸ್ಸನ್ನ ಭರ್ತಿ ಅಂತ ತೋರಿಸೋ ಕೇಸು. ಒಳಗೆ ಯಾರೋ ಟಿಕೆಟ್ ಇಲ್ದೆ ಕೂತಿದಾರೆ."

"ಯಾರು ಕೂತಿರ್ಬಹುದು?"

"ಹಳೇ ಮಾಲಿಗೆ ಪಾಲಿಷ್ ಹೊಡೆದು ಕೊಟ್ಟಿದ್ರೆ, ಹಿಂದಿನವರ ಸಾಮಾನೇ ಕೂತಿರುತ್ತೆ. ಇಲ್ಲಾ, ನೀವು ಎಲ್ಲಿಗೆ ಹೋದ್ರಿ, ಯಾರ ಹತ್ರ ಏನು ಮಾತಾಡಿದ್ರಿ ಅಂತ ಕೂಡಿ ಹಾಕೋಕೆ ಜಾಗ ಮಾಡಿರ್ತಾರೆ. ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡಿ."

ಮನೆಗೆ ಬಂದ ಕಂಡಕ್ಟರಿಗೆ ಹಳೆಯದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಅಳಿಯ ಫೋನಿನಲ್ಲಿ ಮಾತಾಡುವಾಗ ಯಾಕೆ ಅಂಗಳಕ್ಕೆ ಹೋಗುತ್ತಾನೆ? ದುಡ್ಡು ತಗೊಳ್ಳಿ ಎಂದರೆ ಯಾಕೆ ಬೇಡ ಅಂದ? ಮಹಡಿ ನೋಡಲು ಬಂದ ದಿನ, ಮಗಳು ಮೊದಲನೆಯ ರೂಮಿನಲ್ಲಿ ಟೇಪು ಹಿಡಿದು ಅಳೆಯುತ್ತಿದ್ದರೆ, ಇವನು ಹೋಗಿ ಬೀಗ ಹಾಕಿದ್ದ ಇನ್ನೊಂದು ರೂಮಿನ ಮುಂದೆ ಒಂದು ಗಳಿಗೆ ನಿಂತಿದ್ದ. "ಅದರಲ್ಲಿ ಏನೂ ಇಲ್ಲ, ಬರೀ ಸಾಮಾನು" ಎಂದು ಕಂಡಕ್ಟರು ಹೇಳಿದ ಮೇಲೆ "ಸರಿ ಮಾವ" ಎಂದು ಇಳಿದುಹೋಗಿದ್ದ. ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುವಂಥ ಕೆಲಸ ಅವನಿಗೆ ಏನಿತ್ತು? ಕಂಡಕ್ಟರು ಅಂಗಿಯ ಮೇಲುಜೇಬನ್ನು ಮುಟ್ಟಿ ನೋಡಿಕೊಂಡರು. ಆ ರೂಮಿನ ಬೀಗದ ಕೈ ಅಲ್ಲಿ ಭದ್ರವಾಗಿತ್ತು.

ಸಂಜೆ ಪೇಟೆಬೀದಿಯ ಆ ತುದಿಗೆ, ಬೇರೊಬ್ಬನ ಫೋನಂಗಡಿಗೆ ಗಿರಾಕಿಯ ಹಾಗೆ ಹೋದರು. "ನೂರಾ ಇಪ್ಪತ್ತೆಂಟು ಅಂದ್ರೆ ಪೂರ್ತಿ ಇರುತ್ತೇನಪ್ಪ?" ಎಂದು ಕೇಳಿದರು. ಆ ಅಂಗಡಿಯವನಿಗೆ ಇವರು ಯಾರ ಮಾವ ಎಂದು ಚೆನ್ನಾಗಿಯೇ ಗೊತ್ತಿತ್ತು.

"ನಮ್ಮಲ್ಲಿ ಎಲ್ಲಾ ಪೂರ್ತಿನೇ ಸಾರ್. ಬೇರೆಯವರ ಅಂಗಡಿ ವಿಷಯ ನಾನು ಮಾತಾಡಲ್ಲ."

ಮಾತಾಡುವುದಿಲ್ಲ ಎಂಬ ಮಾತನ್ನು ಎಷ್ಟು ಚೆನ್ನಾಗಿ ಮಾತಾಡಿದ ಪುಣ್ಯಾತ್ಮ. ಒಂದು ಡಬ್ಬಿ ಒಡೆದು ತೋರಿಸು ಎಂದರೆ ಸೀಲು ಒಡೆಯುವ ಹಾಗಿಲ್ಲ ಎಂದ. ಬೇರೆ ಹೊತ್ತಿನಲ್ಲಾಗಿದ್ದರೆ ಕಂಡಕ್ಟರಿಗೆ ಅವನ ಮೇಲೂ ಸಂಶಯ ಬರಬೇಕಾಗಿತ್ತು. ಅವತ್ತು ಅವರ ಸಂಶಯವೆಲ್ಲ ಒಬ್ಬನಿಗೇ ಮೀಸಲಾಗಿತ್ತು.

ನೇರವಾಗಿ ಅಳಿಯನ ಅಂಗಡಿಗೆ ನಡೆದರು. ಅಲ್ಲಿ ಗಂಡ ಹೆಂಡತಿ ಇಬ್ಬರು ಒಂದು ಫೋನು ಆರಿಸಿ ಇನ್ನೇನು ಕೊಳ್ಳುವುದರಲ್ಲಿದ್ದರು. ಅಳಿಯ ಮಾವನನ್ನು ಕಂಡು ಸ್ಟೂಲು ಎಳೆದುಕೊಟ್ಟ. ಕಂಡಕ್ಟರು ಕೂರಲಿಲ್ಲ, ಡಬ್ಬಿಯನ್ನು ಗಾಜಿನ ಮೇಲೆ ಇಟ್ಟರು.

"ಡಬ್ಬಿ ಮೇಲೆ ನೂರಾ ಇಪ್ಪತ್ತೆಂಟು. ಒಳಗೆ ನೂರಾ ನಾಲ್ಕು. ಮಿಕ್ಕಿದ್ದು ಯಾರ ಪಾಲು ಅಳಿಯಂದಿರೇ?"

ಅಳಿಯ ನಕ್ಕ. ದಿನಕ್ಕೆ ಒಬ್ಬರಾದರೂ ಕೇಳುವ ಪ್ರಶ್ನೆ ಅದು. "ಎಲ್ಲಾ ಫೋನೂ ಹಾಗೇ ಮಾವ. ತಯಾರು ಮಾಡೋರು ಸಾವಿರ ಸಾವಿರದ ಲೆಕ್ಕದಲ್ಲಿ ಅಳೀತಾರೆ. ಫೋನು ಸಾವಿರದ ಇಪ್ಪತ್ನಾಲ್ಕರ ಲೆಕ್ಕದಲ್ಲಿ ಅಳೆಯುತ್ತೆ. ಜಾಗ ಅಷ್ಟೇ ಇರುತ್ತೆ. ಆದ್ರೆ ಅಳತೆ ಪಾತ್ರೆ ಸ್ವಲ್ಪ ದೊಡ್ಡದಾದ್ರೆ ಎಣಿಕೆ ಕಮ್ಮಿ ಬರುತ್ತಲ್ಲ, ಹಾಗೆ. ಅದರಲ್ಲೇ ಒಂಬತ್ತು ಹೋಯ್ತು. ಮಿಕ್ಕಿದ್ದು ಫೋನು ನಡೆಸೋ ಸಾಫ್ಟ್‌ವೇರಿಗೆ ಬೇಕು. ಅದಿಲ್ದೆ ಇದು ಬರೀ ಗಾಜು."

"ಎರಡು ಪಾತ್ರೆ ಇಟ್ಕೊಂಡು ಅಳೆಯೋರನ್ನ ನಮ್ಮ ಕಾಲದಲ್ಲಿ ಬೇರೆ ಹೆಸರಿಂದ ಕರೀತಿದ್ರು" ಎಂದರು ಕಂಡಕ್ಟರು.

ಗಿರಾಕಿ ಹೆಂಗಸು ಕೈಯಲ್ಲಿದ್ದ ಫೋನನ್ನು ಮೆಲ್ಲನೆ ಗಾಜಿನ ಮೇಲೆ ಇಟ್ಟಳು. ಅಳಿಯನ ಕಿವಿ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಕಂಡಕ್ಟರು ಮನಸ್ಸಿನಲ್ಲೇ ಅಂದುಕೊಂಡರು. ಹುಡುಗ ಹಿಂದಿನ ಕಪಾಟಿನಿಂದ ಅಂಥದ್ದೇ ಇನ್ನೊಂದು ಡಬ್ಬಿ ತೆಗೆದ. ಎಲ್ಲರ ಕಣ್ಣೆದುರೇ ಸೀಲು ಒಡೆದ, ಫೋನು ಹಚ್ಚಿದ, ಮಾವನ ಮುಂದೆ ಹಿಡಿದ. ಅಲ್ಲೂ ನೂರಾ ನಾಲ್ಕೇ ಇತ್ತು. ಸೀಲು ಒಡೆದ ಡಬ್ಬಿ ಆಮೇಲೆ ಸರಿಯಾದ ಬೆಲೆಗೆ ಹೋಗುವುದಿಲ್ಲ. ಆ ಸಂಗತಿ ಒಂದು ಗಂಟೆಯ ಹಿಂದೆ ಇನ್ನೊಂದು ಅಂಗಡಿಯಲ್ಲಿ ಕಂಡಕ್ಟರಿಗೂ ತಿಳಿದಿತ್ತು.

ಅಲ್ಲಿಗಾದರೂ ಸುಮ್ಮನಾಗಬಹುದಿತ್ತು. ಬಾಯಿ ಕೇಳಬೇಕಲ್ಲ.

"ಇದೂ ನಿಮ್ಮ ಅಂಗಡಿದೇ ತಾನೆ?"

ಗಿರಾಕಿಗಳು ಆಮೇಲೆ ಬರುತ್ತೇವೆಂದು ಹೊರಟರು. ಆಮೇಲೆ ಬರುತ್ತೇವೆ ಅಂದವರು ಯಾವ ಕಾಲಕ್ಕೆ ಬಂದಿದ್ದಾರೆ? ಅಳಿಯ ಬಟ್ಟೆ ತೆಗೆದುಕೊಂಡು ಗಾಜನ್ನು ಒರೆಸತೊಡಗಿದ. ಗಾಜು ಮೊದಲೇ ಸ್ವಚ್ಛವಾಗಿತ್ತು. ಕಂಡಕ್ಟರು ಫೋನನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದರು. ಇಳಿಯುವಾಗ ಗೆದ್ದ ಹಾಗಿತ್ತು. ಬೀದಿ ತಿರುಗುವ ಹೊತ್ತಿಗೆ ಯಾಕೋ ಬಾಯಿ ಕಹಿಯಾಯಿತು.

ಭಾನುವಾರ ಮಗಳು ಪರದೆಯ ಅಳತೆಗೆ ಬರುತ್ತೇನೆ ಎಂದವಳು ಬರಲಿಲ್ಲ. ಸೋಮವಾರ ಫೋನೂ ಮಾಡಲಿಲ್ಲ. ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಬಡಿಸುತ್ತ, ತಟ್ಟೆಯನ್ನೇ ನೋಡಿಕೊಂಡು ಹೇಳಿದರು.

"ಅವರು ಬೇರೆ ಮನೆ ನೋಡಿದಾರಂತೆ."

ಕಂಡಕ್ಟರು ತುತ್ತನ್ನು ತಟ್ಟೆಗೇ ಇಳಿಸಿದರು. ನೀರು ಕುಡಿದು, "ಸೇಡು ತೀರಿಸ್ಕೊಳ್ತಿದಾನೆ ನೋಡು" ಎಂದರು. ಹೆಂಡತಿ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಕಂಡಕ್ಟರು ಅವತ್ತು ಕೈ ತೊಳೆದವರು ಮಹಡಿಯ ಮೆಟ್ಟಿಲ ಕಡೆ ನೋಡಲೇ ಇಲ್ಲ.

ಮಗಳು ಬಂದದ್ದು ಅದರ ಮಾರನೆಯ ದಿನ, ಒಬ್ಬಳೇ. ಒಳಗೆ ಬಂದು ಕುರ್ಚಿಯಲ್ಲಿ ಕೂರಲಿಲ್ಲ. ಚಿಕ್ಕವಳಿದ್ದಾಗ ಕೋಪ ಬಂದರೆ ಕೂರುತ್ತಿದ್ದ ಹಾಗೆ ಮಹಡಿ ಮೆಟ್ಟಿಲ ಮೇಲೆ ಕೂತಳು. ಚೀಲದಿಂದ ಫೋನು ತೆಗೆದು ಅಪ್ಪನ ಕೈಗೆ ಕೊಟ್ಟಳು.

"ಅಕ್ಷರ ಚಿಕ್ಕದು ಮಾಡಿದೀನಿ. ಕನ್ನಡಕ ಹಾಕ್ಕೊಂಡು ಓದಿ."

ಕಂಡಕ್ಟರು ಓದಿದರು. 'ಕಾಯ್ದಿರಿಸಲಾಗಿದೆ: ಸಿಸ್ಟಂ ಫೈಲುಗಳಿಗೆ'.

"ಸಿಸ್ಟಂ ಅಂದ್ರೆ ಯಾರು?"

"ಅಪ್ಪ, ನಿಮ್ಮ ಬಸ್ಸಲ್ಲಿ ಎಷ್ಟು ಸೀಟಿತ್ತು?"

"ಬೋರ್ಡಲ್ಲಿ ನಲವತ್ತೆರಡು."

"ಟಿಕೆಟ್ ಕೊಡ್ತಿದ್ದದ್ದು?"

"ನಲವತ್ತಕ್ಕೆ. ಡ್ರೈವರ್‌ದೊಂದು, ನಂದೊಂದು ಬಿಟ್ಟು."

"ಅದು ಮೋಸನಾ?"

"ಮೋಸ ಹೇಗಾಗುತ್ತೆ? ನಾವಿಬ್ರು ಇಲ್ದೆ ಬಸ್ಸು ಹೋಗುತ್ತಾ?"

ಮಗಳು ಹೇಳಬೇಕಾದದ್ದನ್ನು ಅಪ್ಪನೇ ಹೇಳಿಬಿಟ್ಟಿದ್ದರು. ಕಂಡಕ್ಟರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. "ಆಯ್ತಮ್ಮ, ತಪ್ಪಾಯ್ತು. ಒಂದು ಫೋನಿಗೋಸ್ಕರ ಯಾರಾದ್ರೂ ಮನೆ ಬಿಡ್ತಾರಾ? ನಾನೇ ಹೋಗಿ ಅವರಿಗೆ ಹೇಳ್ತೀನಿ."

"ಫೋನಿಗೋಸ್ಕರ ಅಲ್ಲ. ಮಹಡೀಲಿ ಎಷ್ಟು ರೂಮು?"

"ಎರಡು."

"ನಮಗೆ ಕೊಟ್ಟಿದ್ದು?"

ಕಂಡಕ್ಟರು ಒರೆಸಿದ್ದ ಕನ್ನಡಕವನ್ನೇ ಮತ್ತೆ ಒರೆಸತೊಡಗಿದರು.

"ಮಹಡಿ ಪೂರ್ತಿ ನಿಮ್ಮದೇ ಅಂದ್ರಿ. ಬೀದಿಗೆಲ್ಲ ಹೇಳಿದ್ರಿ. ಹತ್ತಿ ನೋಡಿದ್ರೆ ಒಂದಕ್ಕೆ ಬೀಗ. ನನ್ನ ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸೋ ಟೇಬಲ್ಲು ಇಟ್ರೆ ಮಂಚ ಹಿಡಿಯಲ್ಲ. ಮಂಚ ಹಾಕಿದ್ರೆ ನನ್ನ ಕೆಲಸಕ್ಕೆ ಜಾಗ ಇಲ್ಲ. ಕೇಳೋಣ ಅಂದೆ. ಅವರೇ ಬೇಡ ಅಂದ್ರು. ಮಾವನ ಮನೆ, ಮಾವನಿಗೆ ಬೇಕಿರುತ್ತೆ, ಇರೋದ್ರಲ್ಲೇ ಹೊಂದ್ಕೊಳ್ಳೋಣ ಅಂದ್ರು." ಅವಳ ದನಿ ಏರಲಿಲ್ಲ. "ಇಪ್ಪತ್ನಾಲ್ಕು ಎಲ್ಲಿ ಹೋಯ್ತು ಅಂತ ನೀವು ನಾಲ್ಕು ಜನರ ಮುಂದೆ ಅವರನ್ನ ಕೇಳಿದ್ರಿ. ಅರ್ಧ ಮಹಡಿ ಎಲ್ಲಿ ಹೋಯ್ತು ಅಂತ ಅವರು ನಿಮ್ಮನ್ನ ಒಂದು ದಿನ ಕೇಳ್ಲಿಲ್ಲ."

ಕಂಡಕ್ಟರ ಕೈ, ಅವರನ್ನು ಕೇಳದೆಯೇ, ಅಂಗಿಯ ಮೇಲುಜೇಬಿಗೆ ಹೋಯಿತು. ಬೀಗದ ಕೈ ಬೆರಳಿಗೆ ತಾಗಿದ ಮೇಲೆಯೇ ಅವರಿಗೆ ತಮ್ಮ ಕೈ ಎಲ್ಲಿದೆ ಎಂದು ಅರಿವಾದದ್ದು. ಅಳಿಯನ ಕೆಂಪು ಕಿವಿ ನೋಡಿ ತಾವು ನೆನೆದ ಗಾದೆ ಈಗ ತಮ್ಮನ್ನೇ ಹುಡುಕಿಕೊಂಡು ಬಂದಿತ್ತು. ಕೈಯನ್ನು ಮೆಲ್ಲನೆ ಕೆಳಗಿಳಿಸಿದರು. ಮಗಳು ಅದನ್ನು ನೋಡಿದಳು, ನೋಡದವಳ ಹಾಗೆ ಎದ್ದು, ಅಮ್ಮನಿಗೆ ಬರುತ್ತೇನೆಂದು ಹೇಳಿ ಹೊರಟುಹೋದಳು.

ಸ್ವಲ್ಪ ಹೊತ್ತು ಬಿಟ್ಟು ಕಂಡಕ್ಟರು ಮಹಡಿ ಹತ್ತಿ ಆ ರೂಮಿನ ಬೀಗ ತೆಗೆದರು. ಒಳಗೆ ಏನಿತ್ತು ಅಂತೀರಿ? ಡಬ್ಬಿಗಳು. ನೆಲದಿಂದ ಸೂರಿನವರೆಗೆ ಖಾಲಿ ಡಬ್ಬಿಗಳು. ಫ್ಯಾನಿನದು, ಇಸ್ತ್ರಿ ಪೆಟ್ಟಿಗೆಯದು, ಮಿಕ್ಸರಿನದು, ಎಂದೋ ಕೆಟ್ಟು ಗುಜರಿಗೆ ಹೋದ ಟಿವಿಯದು. ಯಾವ ಸಾಮಾನು ಯಾವಾಗ ಕೈಕೊಡುತ್ತದೋ, ವಾಪಸು ಕೊಡುವಾಗ ಡಬ್ಬಿ ಇಲ್ಲವೆಂದು ಅಂಗಡಿಯವನು ತಕರಾರು ತೆಗೆದರೆ ಏನು ಗತಿ ಎಂದು ಮದುವೆಯಾದಾಗಿನಿಂದ ಒಂದನ್ನೂ ಬಿಸಾಡಿರಲಿಲ್ಲ. ಒಂದನ್ನೂ ವಾಪಸು ಕೊಟ್ಟಿರಲೂ ಇಲ್ಲ. ಮಗಳ ಮಿಷನ್ನಿಗೆ ಇಲ್ಲದ ಜಾಗವನ್ನು ಇಷ್ಟು ವರ್ಷ ಅವರು ಬರೀ ಗಾಳಿಗೆ ಕಾಯ್ದಿರಿಸಿದ್ದರು.

ಟಿವಿ ಡಬ್ಬಿಯ ಮೇಲೆ ಕೂತರು. ಅದು ಕುಸಿಯಿತು. ನಗು ಬರಬೇಕಾಗಿತ್ತು, ಕಣ್ಣು ತುಂಬಿ ಬಂತು.

"ರೀ, ಏನಾಯ್ತು?" ಎನ್ನುತ್ತ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನಿಂತು ಡಬ್ಬಿಗಳನ್ನೂ ಗಂಡನನ್ನೂ ನೋಡಿದರು. ಕೇಳಬೇಕಾದದ್ದೇನೂ ಉಳಿದಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮೇಲಿನ ಡಬ್ಬಿಗೆ ಕೈ ಹಾಕಿದರು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಿ" ಎಂದರು. ಇಷ್ಟು ದಿನದಲ್ಲಿ ಅವರು ಆಡಿದ ಕಟು ಮಾತು ಅದೊಂದೇ.

ಗುಜರಿಯವನು ಗಾಡಿ ತಂದ. ಇವು ಖಾಲಿಯೋ ಅಲ್ಲವೋ ಎಂದು ಅವನು ಪ್ರತಿ ಡಬ್ಬಿಯನ್ನೂ ಅಲುಗಾಡಿಸಿ ನೋಡಿದ; ಇಷ್ಟು ಜತನವಾಗಿ ಯಾರು ಖಾಲಿ ಡಬ್ಬಿ ಇಡುತ್ತಾರೆ ಎಂದು ಅವನಿಗೂ ಸಂಶಯ. ಕೆಲಸ ಮುಗಿದ ಮೇಲೆ ಹೆಂಡತಿ ನೆಲ ಗುಡಿಸಿ ಒರೆಸಿದರು. ರೂಮಿನ ಕಿಟಕಿ ಬೀದಿಯ ಕಡೆಗಿತ್ತು, ಹಗಲೆಲ್ಲ ಬೆಳಕು ಬೀಳುವ ಜಾಗ. ಹೊಲಿಯುವವರಿಗೆ ಹೇಳಿ ಮಾಡಿಸಿದ ಹಾಗಿತ್ತು.

ಮಾರನೆಯ ಬೆಳಿಗ್ಗೆ ಅಳಿಯನ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಕಂಡಕ್ಟರು ಅಲ್ಲಿದ್ದರು. ಅಳಿಯ ಸ್ಟೂಲು ಎಳೆದುಕೊಟ್ಟ. ಈ ಸಲ ಕೂತರು. ಗಾಜಿನ ಕೆಳಗೆ, ಅವತ್ತು ಸೀಲು ಒಡೆದ ಫೋನು ಕಡಿಮೆ ಬೆಲೆಯ ಚೀಟಿ ಅಂಟಿಸಿಕೊಂಡು ಕೂತಿತ್ತು. ಅದನ್ನು ನೋಡಿ, ಸಿದ್ಧ ಮಾಡಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ನಾಲ್ಕು ಜನರ ಮುಂದೆ ಆಡಬಾರದ್ದು ಆಡಿದೆ. ತಪ್ಪು ನಂದು" ಎಂದರು.

"ಬಿಡಿ ಮಾವ."

"ಆ ಬೇರೆ ಮನೆಗೆ ಮಾತು ಕೊಟ್ಟಾಯ್ತಾ?"

"ಇನ್ನೂ ಇಲ್ಲ. ಸಂಜೆ ಕೊಡ್ಬೇಕು."

"ಕೊಡ್ಬೇಡಿ. ನಮ್ಮಲ್ಲಿಗೇ ಬನ್ನಿ. ಮಹಡಿ ಪೂರ್ತಿ ನಿಮ್ಮದೇ."

ಅಳಿಯ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಇಟ್ಟ.

"ಪೂರ್ತಿ ಅಂದ್ರೆ ಎಷ್ಟು, ಮಾವ?"

ಹಂಗಿಸಿ ಕೇಳಿದ್ದಲ್ಲ. ಹಂಗಿಸಿದ್ದರೆ ಕಂಡಕ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು. ದಿನಕ್ಕೆ ಒಬ್ಬರಾದರೂ ಬಂದು ಅವನನ್ನು ಕೇಳುವ ಪ್ರಶ್ನೆಯನ್ನು ಅವನು ಅಷ್ಟೇ ಸಹಜವಾಗಿ ಮಾವನನ್ನು ಕೇಳಿದ್ದ. ಹೇಳಿದ್ದಕ್ಕೂ ಇದ್ದದ್ದಕ್ಕೂ ನಡುವಿನ ವ್ಯತ್ಯಾಸಕ್ಕೆ ಅವನ ಹತ್ತಿರ ಒಂದು ಕಾರಣವಾದರೂ ಇತ್ತು.

ಕಂಡಕ್ಟರು ಮೇಲುಜೇಬಿನಿಂದ ಬೀಗದ ಕೈ ತೆಗೆದು ಗಾಜಿನ ಮೇಲೆ ಇಟ್ಟರು. "ಎರಡೂ ರೂಮು. ಇದಕ್ಕೆ ಇನ್ನೊಂದು ಕೈ ನನ್ನ ಹತ್ರ ಇಲ್ಲ."

ಅಳಿಯ ಅದನ್ನು ಎತ್ತಿಕೊಂಡ. ಈ ಕಡೆ ತಿರುಗಿಸಿದ, ಆ ಕಡೆ ತಿರುಗಿಸಿದ, ದೀಪದ ಬೆಳಕಿಗೆ ಹಿಡಿದು ನೋಡಿದ. ಜೇಬಿಗೆ ಹಾಕಿಕೊಳ್ಳಲಿಲ್ಲ.

"ಅವಳನ್ನ ಒಂದು ಮಾತು ಕೇಳ್ತೀನಿ" ಎಂದು ಮತ್ತೆ ಗಾಜಿನ ಮೇಲೇ ಇಟ್ಟ.

"ಕೇಳಿ. ಇಬ್ರೂ ಬಂದು ಬಾಗಿಲು ತೆಗೆದು ನೋಡಿ, ಆಮೇಲೇ ಹೇಳಿ" ಎಂದು ಕಂಡಕ್ಟರು ಎದ್ದರು. ಬಿಟ್ಟ ಬೀಗದ ಕೈಯನ್ನು ಅವನು ಎತ್ತಿಕೊಂಡನೋ ಇಲ್ಲವೋ ಎಂದು ತಿರುಗಿ ನೋಡಲು ಕತ್ತು ಒಂದೇ ಸಮ ತುಡಿಯುತ್ತಿತ್ತು. ನೋಡದೆ ಮೆಟ್ಟಿಲಿಳಿದು ಮನೆಯ ದಾರಿ ಹಿಡಿದರು.